ಮುನ್ನೂರ ಒಂಬತ್ತನೆಯ ಫ್ರೇಮು

ಬೈತಖೋಲಿನ ಐಸ್ ಫ್ಯಾಕ್ಟರಿಯ ದಾಸ್ತಾನು ಕೋಣೆಯಲ್ಲಿ
ಆ ಜುಲೈ ನಾವು ಸಮುದ್ರ ಮಾಡುತ್ತಿದ್ದೆವು.

ಬೋಟುಗಳಿಗೆ ಎರಡು ತಿಂಗಳ ರಜೆ.
ಬರ್ಫ ಕೇಳುವವರಿಲ್ಲ. ಗಣಬಾ ದುರ್ಗೇಕರ್
ಬೀಗದ ಕೈ ಕೊಡುತ್ತ ಅಂದ:
'ಥಂಡಿ ನನ್ನದು, ಕರೆಂಟು ಬಿಲ್ಲು ನಿಮ್ಮದು.
ಇಪ್ಪತ್ತೊಂಬತ್ತರ ರಾತ್ರಿ ದೊಡ್ಡ ಕಂಪ್ರೆಸರ್ ಹಾಕ್ತೇನೆ.
ಅಷ್ಟರೊಳಗೆ ಎತ್ತಂಗಡಿ.'

ಹನ್ನೊಂದು ಯಂತ್ರ. ರುಜಾರ್
ಎಲ್ಲಕ್ಕೂ ಮೀನಿನ ಹೆಸರಿಟ್ಟಿದ್ದ.
ಇಸ್ವಾಣ ಎಲ್ಲಕ್ಕಿಂತ ಚುರುಕು,
ಬಾಂಗಡೆ, ತಾರ್ಲೆ, ನೋಗಲಿ ಸುಮಾರು.
ಸದಾಶಿವಗಡದ ಮುಚ್ಚಿದ ಸೈಬರ್ ಕೆಫೆಯಿಂದ
ತೂಕದ ಲೆಕ್ಕದಲ್ಲಿ ತಂದ ಮುದಿ ಡಬ್ಬ, ಅದು ಶೆಟ್ಲಿ.
ಅದರ ಫ್ಯಾನಿನ ಸದ್ದು ಮಾತ್ರ ಟ್ರಾಲರಿನದು.

ಕೆಲಸ ಇಷ್ಟೇ:
ಒಂದು ಬಂದರನ್ನು ಒಂದು ತೆರೆ ನುಂಗಬೇಕು.
ಹದಿನೇಳು ಸೆಕೆಂಡು. ನಾನೂರ ಹನ್ನೆರಡು ಫ್ರೇಮು.
ಒಂದೊಂದಕ್ಕೆ ಮೂರು ತಾಸು, ನೊರೆ ಹೆಚ್ಚಿದ್ದರೆ ಐದು.

ಆಯಿ ಹೇಳುತ್ತಿದ್ದಳು ರಂಪಣಿಯ ಕಾಲ:
ಹಗ್ಗ ಮುಟ್ಟಿದ ಕೈಗೆಲ್ಲ ಪಾಲು,
ಬಲೆಗೊಂದು, ದೋಣಿಗೊಂದು,
ದಡದಲ್ಲಿ ಸುಮ್ಮನೆ ಕೂಗಿದವನಿಗೂ ಬುಟ್ಟಿಯ ತಳದ ನಾಲ್ಕು.
ಅಲ್ಲಿ ಮೊದಲು ಎಳೆತ, ಆಮೇಲೆ ಪಾಲು.
ಇಲ್ಲಿ ಪಾಲು ಹಂಚಿಯೇ ಎಳೆಯಲು ಶುರು:
ಸರತಿ ನಡೆಸುವ ತಂತ್ರಾಂಶ, ಕಣ್ಣಿಲ್ಲದ ತಾಂಡೇಲ,
ನಿನಗಿದು, ನಿನಗಿದು ಎಂದು ಫ್ರೇಮು ಎಸೆಯುತ್ತದೆ.
ಯಾರ ಕೈ ಬರಿದಾಯಿತೋ ಅವರಿಗೆ ಮತ್ತೊಂದು.

ಬಾಂಗಡೆಗೆ ಗೊತ್ತಿದ್ದದ್ದು ತೆರೆ ಸೆಟೆಯುವ ಒಂದು ಗಳಿಗೆ.
ನೋಗಲಿಗೆ ಬರೀ ಅಂಚಿನ ನೊರೆ.
ತೆರೆ ಬಿದ್ದ ಸುದ್ದಿ
ಯಾರಿಗೂ ಪೂರ್ತಿ ತಲುಪಲಿಲ್ಲ.

ಪರದೆಯ ಮೇಲೆ ಹಸಿರು ಗೆರೆ: ಮುಗಿಯಿತು.
ಹಳದಿ: ನಡೆಯುತ್ತಿದೆ.
ಕೆಂಪು ಅಂದರೆ ಎದ್ದು ಹೋಗಿ ನೋಡು.
ಶಾಲು ಹೊದ್ದು, ಗೋಡೆಗಂಟಿದ ಹಳೇ ಮೀನಿನ ವಾಸನೆಯಲ್ಲಿ
ನಾನು ರಾತ್ರಿ ಪಾಳಿ ಕಾದೆ.
ಹೊರಗೆ, ನೂರು ಮಾರು ಆಚೆ,
ಯಾರೂ ಲೆಕ್ಕ ಹಾಕದ ಸಮುದ್ರ
ಧಕ್ಕೆಗೆ ಬಡಿದು ಬಡಿದು ಹೋಗುತ್ತಿತ್ತು.
ಒಂದು ಸಲವೂ ಕೆಂಪಾಗಲಿಲ್ಲ ಅದು.

ಹಟ ಹಿಡಿದದ್ದು ಮುನ್ನೂರ ಒಂಬತ್ತು.
ಶೆಟ್ಲಿಯಲ್ಲಿ ಸತ್ತಿತು, ನೆನಪು ಸಾಲದೆ.
ತಾರ್ಲೆಗೆ ಕೊಟ್ಟೆ, ಅರ್ಧ ನೀರು ಕಪ್ಪಾಗಿ ಬಂತು.
ಇಸ್ವಾಣಕ್ಕೆ ಹಾಕಿದೆ ಇಪ್ಪತ್ತೊಂಬತ್ತರ ಸಂಜೆ.
ಐದು ತಾಸು ಬೇಕು ಅಂದಿತು.
ಇದ್ದದ್ದು ಮೂರು.

ಗಣಬಾ ಬಂದ. ಕಂಪ್ರೆಸರಿನ ಚಕ್ರಕ್ಕೆ ಕೈ ಇಟ್ಟು ನಿಂತ.
ಹಿಂದೆ ಬೋಟಿನ ಮಾಲಕರು, ಕೈಯಲ್ಲಿ ಬರ್ಫದ ಚೀಟಿ,
ಎರಡು ತಿಂಗಳು ದುಡಿಯದ ಮುಖಗಳು.
'ಇನ್ನೂ ಎಷ್ಟು?' ಕೇಳಿದ.
'ಒಂದು,' ಅಂದೆ.
'ಒಂದು ಏನು?'
ಏನೆಂದು ಹೇಳಲಿ? ಒಂದು ಸೆಕೆಂಡಿನ
ಇಪ್ಪತ್ತನಾಲ್ಕನೆಯ ಚೂರು ಎಂದೇ?
ಡೀಸೆಲ್ಲಿಗೆ ಸಾಲ ಮಾಡಿ ನಿಂತವರ ಎದುರು?

ರುಜಾರ್ ನನ್ನ ಮುಖ ನೋಡಿದ. ನಾನು ಸ್ವಿಚ್ಚು.
ಹನ್ನೊಂದೂ ಮೀನು ಒಟ್ಟಿಗೆ ಉಸಿರು ಬಿಟ್ಟವು.
ದೊಡ್ಡ ಕಂಪ್ರೆಸರ್ ಕೆಮ್ಮಿ, ಕೆಮ್ಮಿ, ಹಿಡಿಯಿತು.
ಯಂತ್ರಗಳನ್ನು ಟೆಂಪೋಗೆ ಹೇರುವಾಗ
ನೀರು ತುಂಬಿದ ಡಬ್ಬಿಗಳು ಸಾಲಾಗಿ ಉಪ್ಪುನೀರಿಗಿಳಿದವು,
ಎಲ್ಲ ಒಂದೇ ಅಳತೆ, ಒಂದರ ಹಿಂದೆ ಒಂದು.

ಮುನ್ನೂರ ಎಂಟನ್ನೇ ನಕಲು ಮಾಡಿ
ಒಂಬತ್ತರ ಜಾಗಕ್ಕೆ ಇಟ್ಟು ಕಳಿಸಿದೆವು.
ಕೇಳಿದವರಿಲ್ಲ.

ಸಿನಿಮಾ ಬಂತು. ಮೊದಲ ಆಟಕ್ಕೆ ಹೋದೆ.
ತೆರೆ ಎದ್ದಿತು, ಜನ ಕುರ್ಚಿಯಲ್ಲಿ ಹಿಂದೆ ಸರಿದರು.
ಹದಿಮೂರನೆಯ ಸೆಕೆಂಡು ಕಾದೆ:
ಅಲ್ಲಿ, ರೆಪ್ಪೆಗೂ ಸಿಗದಷ್ಟು ಹೊತ್ತು,
ಅಷ್ಟು ದೊಡ್ಡ ಸಮುದ್ರ
ಬೈತಖೋಲಿನ ಬೋಟುಗಳಿಗೆ ದಾರಿ ಬಿಟ್ಟು
ನಿಂತಿತು.

ಆಮೇಲೆ ಬಂದರು ಮುಳುಗಿತು.